ಪಾದ್ರಿಗಳಿಲ್ಲದೆ ಇನ್ನೂರು ವರುಷ ಬಾಳಿದ ಸಭೆ
(ಜಪಾನಿನ ಉರಕಾಮಿ ಎಂಬ ಊರಿನ ಕಥೋಲಿಕ ಸಭೆಯ ಚರಿತ್ರೆಯಿಂದ ಒಂದು ಪಾಠ)

ಓದತಕ್ಕ ವೇದಭಾಗಗಳು: ಅಪೊಸ್ತಲರ ಕೃತ್ಯಗಳು 8:1-8, ರೋಮಾಪುರದವರಿಗೆ 16:1-16, 2 ತಿಮೊಥೆಯನಿಗೆ 1:3-5.

ಪ್ರಿಯ ವಾಚಕರೇ, ಒಂದು ಊರಿನಲ್ಲಿ ಸಭೆ ಇದೆ ಎಂದು ಹೇಳುವಾಗ ನಾವು ಏನನ್ನು ನೆನಸುತ್ತೇವೆ? ಕೆಲವರು ದೇವಾಲಯದ ಕಟ್ಟಡವನ್ನೂ ಅದರ ಗಂಟೆಯನ್ನೂ ನೆನಸುತ್ತಾರೆ. ಬೇರೆ ಕೆಲವರು ಸಭಾಪಾಲಕರನ್ನು ನೆನಸುತ್ತಾರೆ. ಅವರು ಬಂದರೆ ಆರಾಧನೆ, ಬಾರದಿದ್ದರೆ ಬಾಗಿಲಿಗೆ ಬೀಗ. ನಮ್ಮ ಹಳ್ಳಿಗಳಲ್ಲಿ ಒಬ್ಬ ಸಭಾಪಾಲಕರು ಎಷ್ಟೋ ಊರುಗಳನ್ನು ನೋಡಿಕೊಳ್ಳಬೇಕಾಗಿರುವದರಿಂದ ಇದು ಬರೇ ಮಾತಿನ ಪ್ರಶ್ನೆಯಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿದಾಗಲೂ ಪಾಲಕರು ಕಾಯಿಲೆ ಬಿದ್ದಾಗಲೂ ಸಭೆಯು ಏನಾಗುತ್ತದೆ? ಅದು ಇರುತ್ತದೋ, ಮಲಗುತ್ತದೋ?

ಈ ಪ್ರಶ್ನೆಗೆ ಉತ್ತರವಾಗಿ ಜಪಾನ್ ದೇಶದ ಉರಕಾಮಿ ಎಂಬ ರೈತರ ಊರಿನ ಚರಿತ್ರೆಯನ್ನು ಈ ಪಾಠದಲ್ಲಿ ಹೇಳುತ್ತೇವೆ. ಅಲ್ಲಿಯ ಕ್ರೈಸ್ತರು ರೋಮನ್ ಕಥೋಲಿಕ ಸಭೆಯವರು. ಒಬ್ಬ ಪಾದ್ರಿಯ ಪಾಲನೆಗೆ ಒಪ್ಪಿಸಲ್ಪಟ್ಟ ಊರಿನ ಸಭೆಯನ್ನು ನಮ್ಮ ದೇಶದ ಕಥೋಲಿಕರು ಧರ್ಮಕೇಂದ್ರವೆಂದು ಕರೆಯುತ್ತಾರೆ. ಕನ್ಯೆ ಮರಿಯಳ ವಿಷಯದಲ್ಲಿಯೂ ರೋಮಿನ ಪೋಪರ ಅಧಿಕಾರದ ವಿಷಯದಲ್ಲಿಯೂ ಅವರಿಗೂ ನಮಗೂ ಇರುವ ಭೇದವನ್ನು ಓದುಗರು ಬಲ್ಲರು; ಆ ವಾದವನ್ನು ಇಲ್ಲಿ ಎತ್ತುವದಿಲ್ಲ. ನೆರೆಯವನ ಹೊಲದಲ್ಲಿ ಬರಗಾಲದಲ್ಲಿಯೂ ಪೈರು ನಿಂತಿದ್ದರೆ ಬುದ್ಧಿವಂತನಾದ ಒಕ್ಕಲಿಗನು ಬೇಲಿಯ ಬಳಿ ನಿಂತು, ಇವನು ಹೇಗೆ ಉತ್ತನು, ಹೇಗೆ ನೀರು ಕಟ್ಟಿದನು ಎಂದು ನೋಡುತ್ತಾನಷ್ಟೆ. ನಾವೂ ಹಾಗೆಯೇ ನೋಡೋಣ.

1. ಬೀಜ ಬಿದ್ದದ್ದು

ಜಪಾನಿಗೆ ಸುವಾರ್ತೆಯು ಹೋದದ್ದು ನಮ್ಮ ನೆರೆಯ ಗೋವೆಯಿಂದಲೇ. ಅಂಜಿರೋ ಎಂಬ ಜಪಾನೀಯನು ಗೋವೆಗೆ ಬಂದು, ಅಲ್ಲಿಯ ಸಂತ ಪೌಲನ ವಿದ್ಯಾಲಯದಲ್ಲಿ ಕಲಿತು, 1548ರಲ್ಲಿ ದೀಕ್ಷಾಸ್ನಾನ ಹೊಂದಿದನು. ಮರುವರುಷ, ಅಂದರೆ 1549ರ ಏಪ್ರಿಲಿನಲ್ಲಿ, ಫ್ರಾನ್ಸಿಸ್ ಕ್ಸೇವಿಯರ್ ಎಂಬ ಯೇಸುಸಂಘದ ಪಾದ್ರಿಯು ಅವನನ್ನೂ ಇನ್ನು ಕೆಲವರನ್ನೂ ಕರಕೊಂಡು ಗೋವೆಯಿಂದ ಹಡಗು ಹತ್ತಿ, ಆಗಸ್ಟ್ 15ರಂದು ಜಪಾನಿನ ಕಾಗೋಶಿಮ ಎಂಬ ರೇವಿನಲ್ಲಿ ಇಳಿದನು. ಮುಂದಿನ ಅರುವತ್ತು ವರುಷಗಳಲ್ಲಿ ಆ ದೇಶದಲ್ಲಿ, ವಿಶೇಷವಾಗಿ ತೆಂಕಣ ದ್ವೀಪವಾದ ಕ್ಯೂಶೂವಿನಲ್ಲಿ, ಲಕ್ಷಾಂತರ ಜನರು ಕ್ರೈಸ್ತರಾದರು. ನಾಗಸಾಕಿ ಪಟ್ಟಣದ ಬಡಗಣ ಕಣಿವೆಯಲ್ಲಿರುವ ಉರಕಾಮಿಯು ಅಂಥ ಊರುಗಳಲ್ಲೊಂದು. 1584ರಲ್ಲಿ ಆ ಸೀಮೆಯ ಕ್ರೈಸ್ತ ದೊರೆಯು ಅದನ್ನು ಪಾದ್ರಿಗಳಿಗೆ ಉಂಬಳಿಯಾಗಿ ಕೊಟ್ಟನು.

ಆ ಕಾಲದಲ್ಲಿ ಪಾದ್ರಿಗಳು ಕೊಂಚ ಮಂದಿ, ಸಭೆಗಳು ಬಹಳ. ಆದಕಾರಣ ಅವರು ಊರೂರಲ್ಲಿ ಸಭಿಕರ ಸಂಗಗಳನ್ನು ಏರ್ಪಡಿಸಿದರು. ಸಂಗದವರು ರೋಗಿಗಳನ್ನು ನೋಡಿಕೊಂಡರು, ಸತ್ತವರನ್ನು ಹೂಣಿಟ್ಟರು, ಬಡವರಿಗೆ ಅಕ್ಕಿ ಕೂಡಿಸಿದರು, ಮಕ್ಕಳಿಗೆ ಪ್ರಾರ್ಥನೆಗಳನ್ನು ಕಲಿಸಿದರು. ಸಾಯುವ ಹಾಗಿರುವ ಕೂಸಿಗೆ ದೀಕ್ಷಾಸ್ನಾನ ಕೊಡುವ ಬಗೆಯನ್ನೂ ತಿಳಿದುಕೊಂಡರು. ನಾಗಸಾಕಿಯಲ್ಲಿ ಅಂಥ ಒಂದು ಕರುಣಾಸಂಗವು 1583ರಲ್ಲಿಯೇ ಹುಟ್ಟಿತು. ಪಾದ್ರಿಗೆ ಕೈಯಾಸರೆಯಾಗಲೆಂದು ಮಾಡಿದ ಈ ಏರ್ಪಾಡು ಮುಂದೆ ಪಾದ್ರಿಯೇ ಇಲ್ಲದ ಕಾಲಕ್ಕೆ ಸಭೆಯ ಬೆನ್ನೆಲುಬಾಗುವದೆಂದು ಆಗ ಯಾರೂ ಅರಿತಿರಲಿಲ್ಲ.

2. ಬಿರುಗಾಳಿ ಬೀಸಿದ್ದು

ಹಿದೆಯೋಶಿ ಎಂಬ ಪ್ರಭುವು 1587ರಲ್ಲಿ ಪಾದ್ರಿಗಳು ದೇಶ ಬಿಟ್ಟು ಹೋಗಬೇಕೆಂದು ಅಪ್ಪಣೆ ಕೊಟ್ಟನು. ಪಾದ್ರಿಗಳ ಹಿಂದೆ ಪರದೇಶದ ಅರಸರ ಸೈನ್ಯ ಬರುವದೆಂಬ ಭಯವು ಅರಮನೆಯಲ್ಲಿ ಬಲವಾಯಿತು. 1597ರ ಫೆಬ್ರವರಿ 5ರಂದು ನಾಗಸಾಕಿಯ ಗುಡ್ಡದ ಮೇಲೆ 26 ಮಂದಿ ಶಿಲುಬೆಗೆ ಹಾಕಲ್ಪಟ್ಟರು. ಅವರಲ್ಲಿ ಹುಡುಗರೂ ಇದ್ದರು. 1614ರಲ್ಲಿ ತೊಕುಗಾವ ವಂಶದ ಪ್ರಭುಗಳು ಇಡೀ ದೇಶದಲ್ಲಿ ಕ್ರೈಸ್ತಮತವನ್ನು ನಿಷೇಧಿಸಿ ದೇವಾಲಯಗಳನ್ನು ಕೆಡವಿಸಿದರು. 1637-38ರಲ್ಲಿ ಶಿಮಾಬರ ಸೀಮೆಯ ರೈತರು ತೆರಿಗೆಯ ಭಾರವನ್ನೂ ಹಿಂಸೆಯನ್ನೂ ತಾಳಲಾರದೆ ದಂಗೆಯೆದ್ದು ನಾಶವಾದ ಮೇಲೆ ಕಟ್ಟಳೆಗಳು ಮತ್ತಷ್ಟು ಬಿಗಿಯಾದವು.

ಆ ಕಟ್ಟಳೆಗಳು ಯಾವವೆಂದರೆ: ಪ್ರತಿ ಮನೆಯವರೂ ಬೌದ್ಧ ದೇವಸ್ಥಾನದ ಪುಸ್ತಕದಲ್ಲಿ ಹೆಸರು ಬರೆಯಿಸಬೇಕು, ಸತ್ತರೆ ಅಲ್ಲಿಯ ಪುರೋಹಿತನೇ ಕರ್ಮ ಮಾಡಬೇಕು. ಐದೈದು ಮನೆಗಳನ್ನು ಒಂದು ಗುಂಪು ಮಾಡಿ, ಒಂದು ಮನೆಯ ಅಪರಾಧಕ್ಕೆ ಐದು ಮನೆಗಳೂ ಉತ್ತರ ಕೊಡಬೇಕು. ಕ್ರೈಸ್ತನನ್ನು ತೋರಿಸಿಕೊಟ್ಟವನಿಗೆ ಬೆಳ್ಳಿಯ ಬಹುಮಾನವೆಂದು ದಾರಿಗಳಲ್ಲಿ ಹಲಗೆಗಳನ್ನು ನಿಲ್ಲಿಸಿದರು. ಇವೆಲ್ಲವುಗಳಿಗಿಂತಲೂ ಕಠಿನವಾದದ್ದು ಇನ್ನೊಂದು. ಕ್ರಿಸ್ತನ ಅಥವಾ ಮರಿಯಳ ರೂಪವನ್ನು ಕೆತ್ತಿದ ಹಲಗೆಯನ್ನು ನೆಲದ ಮೇಲಿಟ್ಟು, ವರುಷಾರಂಭದಲ್ಲಿ ಊರವರೆಲ್ಲರೂ ಒಬ್ಬೊಬ್ಬರಾಗಿ ಬಂದು ಅದನ್ನು ತುಳಿಯಬೇಕಾಗಿತ್ತು. ಇದಕ್ಕೆ ಫುಮಿಯೆ ಎಂದು ಹೆಸರು. ಉರಕಾಮಿಯಲ್ಲಿ ಇದು ನಡೆಯುತ್ತಿದ್ದದ್ದು ನಮ್ಮ ಪಟೇಲನಂತಿರುವ ಊರ ಮುಖ್ಯಸ್ಥನ ಮನೆಯಲ್ಲಿ.

ಗುಪ್ತವಾಗಿ ಸಂಚರಿಸುತ್ತಿದ್ದ ಪಾದ್ರಿಗಳಲ್ಲಿ ಕೊನೆಯವನಾದ ಮಾನ್ಸಿಯೋ ಕೊನಿಶಿ ಎಂಬವನು 1644ರಲ್ಲಿ ಕೊಲ್ಲಲ್ಪಟ್ಟನು. ಆ ಮೇಲೆ 221 ವರುಷ ಉರಕಾಮಿಯವರಿಗೆ ಪಾದ್ರಿಯಿಲ್ಲ, ದೇವಾಲಯವಿಲ್ಲ, ಕರ್ತನ ಭೋಜನವಿಲ್ಲ, ಬಹಿರಂಗವಾಗಿ ಹಾಡುವದಕ್ಕೆ ಒಂದು ಗೀತವೂ ಇಲ್ಲ.

3. ಮೂರು ಕೆಲಸ, ಮೂರು ವಿಧದ ಕೆಲಸಗಾರರು

ಇಂಥ ಸ್ಥಿತಿಯಲ್ಲಿ ಸಭೆಯು ಹೇಗೆ ಉಳಿಯಿತು? ಮಾಗೊಯೆಮೋನ್ ಎಂಬ ಉರಕಾಮಿಯ ರೈತನು ಒಂದು ಏರ್ಪಾಡನ್ನು ಮಾಡಿದನೆಂದು ಅಲ್ಲಿಯವರು ಹೇಳುತ್ತಾರೆ. ಅದು ಬಹು ಸರಳವಾದದ್ದು. ಇಡೀ ಊರಿಗೆ ಒಬ್ಬ ಚೋಕತ, ಒಂದೊಂದು ಕೇರಿಗೆ ಒಬ್ಬ ಮಿಝುಕತ, ಕೇರಿಯೊಳಗಿನ ಮನೆಗಳ ಗುಂಪಿಗೆ ಒಬ್ಬ ಕಿಕಿಯಾಕು.

ಚೋಕತ ಎಂದರೆ ಪುಸ್ತಕದವನು. ಸಭೆಯ ಪಂಚಾಂಗವು ಅವನ ವಶದಲ್ಲಿ ಇರುತ್ತಿತ್ತು. ಜಪಾನಿನವರು ಆಗ ನಮ್ಮ ಹಳೇ ಪಂಚಾಂಗದ ಹಾಗೆ ಚಂದ್ರನ ತಿಂಗಳುಗಳನ್ನೂ ನಡುನಡುವೆ ಅಧಿಕ ಮಾಸವನ್ನೂ ಲೆಕ್ಕಿಸುತ್ತಿದ್ದರು. ಆ ಲೆಕ್ಕದೊಳಗೆ ಆದಿತ್ಯವಾರ ಯಾವದು, ಕ್ರಿಸ್ತಜಯಂತಿ ಯಾವದು, ವರುಷ ವರುಷಕ್ಕೂ ಸ್ಥಳ ಬದಲಾಯಿಸುವ ಪುನರುತ್ಥಾನದ ಹಬ್ಬ ಯಾವದು ಎಂದು ಕಂಡುಹಿಡಿಯುವದು ಸುಲಭವಲ್ಲ. ಚೋಕತನು ಇದನ್ನು ಲೆಕ್ಕಹಾಕಿ, ಉಪವಾಸದ ದಿನ ಯಾವದು, ಕೆಲಸ ಬಿಡತಕ್ಕ ದಿನ ಯಾವದು ಎಂದು ಮಿಝುಕತನಿಗೆ ಹೇಳುವನು. ಈ ಕೆಲಸವು ಒಂದೇ ವಂಶದಲ್ಲಿ ತಂದೆಯಿಂದ ಮಗನಿಗೆ ಏಳು ತಲೆಗಳ ವರೆಗೆ ನಡೆಯಿತು.

ಮಿಝುಕತ ಎಂದರೆ ನೀರಿನವನು. ಕೂಸುಗಳಿಗೆ ದೀಕ್ಷಾಸ್ನಾನ ಕೊಡುವದು ಅವನ ಕೆಲಸ. ಅದಕ್ಕಾಗಿ ಹೇಳತಕ್ಕ ಮಾತುಗಳನ್ನು ಹಿಂದಿನವನ ಬಾಯಿಂದ ಅಕ್ಷರ ತಪ್ಪದೆ ಕಲಿಯಬೇಕಾಗಿತ್ತು. ಕಿಕಿಯಾಕು ಎಂದರೆ ಸುದ್ದಿ ಕೇಳಿ ಮುಟ್ಟಿಸುವವನು. ಮಿಝುಕತನು ಹೇಳಿದ್ದನ್ನು ಅವನು ಮನೆ ಮನೆಗೆ ಹೋಗಿ ತಿಳಿಸುವನು. ಯಾವ ಮನೆಯಲ್ಲಿ ಕೂಸು ಹುಟ್ಟಿತು, ಯಾರು ಹಾಸಿಗೆ ಹಿಡಿದರು ಎಂಬದನ್ನು ತಿರಿಗಿ ಬಂದು ಹೇಳುವನು.

ವಾಚಕರೇ, ಈ ಏರ್ಪಾಡನ್ನು ಸ್ವಲ್ಪ ಯೋಚಿಸಿರಿ. ಇವರಲ್ಲಿ ಯಾರೂ ಶಾಸ್ತ್ರಪಂಡಿತರಲ್ಲ. ಹಗಲೆಲ್ಲಾ ಗದ್ದೆಯಲ್ಲಿ ದುಡಿಯುವವರು. ಆದರೂ ಸಭೆಗೆ ಬೇಕಾದ ಕಾರ್ಯಗಳಲ್ಲಿ ಯಾವದು ಯಾರ ಮೇಲಿದೆ ಎಂಬದು ಪ್ರತಿಯೊಬ್ಬನಿಗೂ ತಿಳಿದಿತ್ತು. ಒಬ್ಬನು ಸತ್ತರೆ ಆ ಸ್ಥಾನಕ್ಕೆ ಯಾರೆಂಬದು ಮೊದಲೇ ಗೊತ್ತಾಗಿತ್ತು, ಯಾಕಂದರೆ ಅವನು ಬದುಕಿರುವಾಗಲೇ ಇನ್ನೊಬ್ಬನನ್ನು ಕಲಿಸಿರುತ್ತಿದ್ದನು.

ಮನೆಗಳೊಳಗೆ ತಾಯಂದಿರ ಕೆಲಸವು ಇದಕ್ಕಿಂತ ಕಡಿಮೆಯದಲ್ಲ. ಲತೀನ್ ಮತ್ತು ಪೋರ್ಚುಗೀಸ್ ಮಾತುಗಳು ಬೆರೆತ ಪ್ರಾರ್ಥನೆಗಳನ್ನು ಅವರು ಒರಶೋ ಎಂದು ಕರೆದು, ಬಾಯಿಪಾಠವಾಗಿ ಮಕ್ಕಳಿಗೆ ಕಲಿಸಿದರು. ಪರಿಶೋಧಕರು ಬಂದರೆ ಕಾಣುವಂತೆ ಮನೆಯಲ್ಲಿ ಕನ್ನೋನ್ ಎಂಬ ಬೌದ್ಧ ದೇವತೆಯ ಬಿಳಿ ಪಿಂಗಾಣಿ ಮೂರ್ತಿ ಇರುತ್ತಿತ್ತು; ಮನೆಯವರಿಗೆ ಅದು ಮಗುವನ್ನೆತ್ತಿಕೊಂಡ ಮರಿಯಳ ನೆನಪು.

4. ಬಿದ್ದವರು ಎದ್ದ ಬಗೆ

ಇಲ್ಲಿ ಒಂದು ಕಷ್ಟವಾದ ಸಂಗತಿಯನ್ನು ಮರೆಮಾಡದೆ ಹೇಳಬೇಕು. ಈ ಜನರು ಆ ಹಲಗೆಯನ್ನು ತುಳಿದರು. ವರುಷಕ್ಕೊಮ್ಮೆ, ತಂದೆ ತಾಯಿ ಮಕ್ಕಳು ಎಲ್ಲರೂ ತುಳಿದರು. ತುಳಿಯಲೊಲ್ಲದವರು ಸೆರೆಗೂ ಮರಣಕ್ಕೂ ಹೋದರು. ಉಳಿದವರು ತುಳಿದು ಮನೆಗೆ ಬಂದರು. ಹಾಗೆ ಬಂದವನ ಮನಸ್ಸು ಎಂಥದಾಗಿರಬೇಕು? ಅವನಿಗೆ ಪಾಪನಿವೇದನೆ ಮಾಡಿಸುವ ಪಾದ್ರಿಯೂ ಇಲ್ಲ. ನಾನು ಕರ್ತನನ್ನು ತುಳಿದೆನು, ಇನ್ನು ನನಗೆ ಸಭೆ ಏಕೆ ಎಂದು ಒಬ್ಬೊಬ್ಬರೂ ಬಿಟ್ಟುಬಿಡುವದಕ್ಕೆ ಕಾರಣವಿತ್ತು. ಹಿಂಸೆ ಮಾಡುವವರ ಉದ್ದೇಶವೂ ಇದೇ ಆಗಿತ್ತು.

ಆದರೆ ಅವರ ಬಳಿಯಲ್ಲಿ ಒಂದು ಚಿಕ್ಕ ಪುಸ್ತಕವಿತ್ತು. ಪರಿಪೂರ್ಣ ಪಶ್ಚಾತ್ತಾಪದ ವಿಷಯವಾಗಿ 1603ರಲ್ಲಿ ಜಪಾನೀ ಭಾಷೆಯಲ್ಲಿ ಪ್ರಕಟವಾದ ಆ ಪುಸ್ತಕಕ್ಕೆ ಕೊಂಚಿರಿಸಾನ್ ಎಂಬ ಪೋರ್ಚುಗೀಸ್ ಮಾತಿನಿಂದ ಹೆಸರಾಗಿತ್ತು. ಪಾದ್ರಿ ಸಿಕ್ಕದ ಸ್ಥಳದಲ್ಲಿ ಪಾಪಿಯು ದೇವರ ಮೇಲಣ ಪ್ರೀತಿಯಿಂದ ಮನಮುರಿದು, ಅವಕಾಶ ಸಿಕ್ಕಿದಾಗ ನಿವೇದನೆ ಮಾಡುವೆನೆಂದು ನಿರ್ಣಯಿಸಿದರೆ ದೇವರು ಕ್ಷಮಿಸುವನೆಂಬದು ಅದರ ಬೋಧನೆ. ಇದನ್ನು ಕೈಯಿಂದ ನಕಲು ಮಾಡಿ ಮನೆಗಳಲ್ಲಿ ಬಚ್ಚಿಟ್ಟರು. ಹಲಗೆಯನ್ನು ತುಳಿದು ಬಂದ ದಿನ ಆ ಪಶ್ಚಾತ್ತಾಪದ ಪ್ರಾರ್ಥನೆಯನ್ನು ಮಾಡುವರು. ಬೌದ್ಧ ಪುರೋಹಿತನು ಶವದ ಮುಂದೆ ಮಂತ್ರ ಹೇಳುತ್ತಿರುವಾಗ ಒಳಕೋಣೆಯಲ್ಲಿ ತಮ್ಮ ಪ್ರಾರ್ಥನೆಯನ್ನು ಮೆಲ್ಲಗೆ ಹೇಳುವ ಪದ್ಧತಿಯೂ ಆ ಸೀಮೆಯ ಗುಪ್ತ ಕ್ರೈಸ್ತರಲ್ಲಿ ಇತ್ತು.

ಅವರು ತುಳಿದದ್ದು ಸರಿಯೋ ತಪ್ಪೋ ಎಂದು ಇಲ್ಲಿ ಕೂತು ತೀರ್ಪು ಕೊಡುವದು ನಮಗೆ ಸುಲಭ. ಆ ಹಲಗೆ ನಮ್ಮ ಮುಂದೆ ಇಡಲ್ಪಟ್ಟಿಲ್ಲ. ಪೇತ್ರನು ಮೂರು ಸಾರಿ ಅಲ್ಲವೆಂದದ್ದನ್ನೂ ಕರ್ತನು ಅವನನ್ನು ಕಡಲತೀರದಲ್ಲಿ ಮೂರು ಸಾರಿ ಕೇಳಿದ್ದನ್ನೂ ಬಲ್ಲವರು ಈ ಸ್ಥಳದಲ್ಲಿ ಮೆಲ್ಲಗೆ ಮಾತಾಡುವರು. ನಾವು ಗಮನಿಸತಕ್ಕದ್ದೇನಂದರೆ, ಬಿದ್ದವನಿಗೆ ತಿರಿಗಿ ಬರುವ ದಾರಿಯನ್ನು ಆ ಸಭೆಯು ಎಂದೂ ಮುಚ್ಚಲಿಲ್ಲ. ದಾರಿಯಿದ್ದದರಿಂದಲೇ ಮಕ್ಕಳಿಗೆ ಒಪ್ಪಿಸುವದಕ್ಕೆ ಸಭೆ ಉಳಿಯಿತು.

5. ಹದಿನೇಳನೆಯ ದಿನ

1858ರಲ್ಲಿ ಜಪಾನ್ ಸರಕಾರವು ಪರದೇಶಗಳೊಂದಿಗೆ ಒಡಂಬಡಿಕೆ ಮಾಡಿಕೊಂಡದ್ದರಿಂದ ನಾಗಸಾಕಿಯಲ್ಲಿ ವ್ಯಾಪಾರಿಗಳು ವಾಸಿಸತೊಡಗಿದರು. ಅವರಿಗಾಗಿ ಪ್ಯಾರಿಸಿನ ಪರದೇಶ ಮಿಶನಿನ ಫ್ರೆಂಚ್ ಪಾದ್ರಿಗಳು ಓವುರ ಎಂಬ ಕಡೆಯಲ್ಲಿ ದೇವಾಲಯ ಕಟ್ಟಿ, 1865ರ ಫೆಬ್ರವರಿ 19ರಂದು ಪ್ರತಿಷ್ಠಿಸಿದರು. ಜಪಾನೀಯರಿಗಾದರೋ ಕ್ರೈಸ್ತಮತವು ಇನ್ನೂ ನಿಷೇಧವೇ. ಊರವರು ಅದನ್ನು ಫ್ರೆಂಚರ ಗುಡಿಯೆಂದು ಕರೆದು ನೋಡಲು ಬರುತ್ತಿದ್ದರು.

ಮಾರ್ಚ್ 17ನೆಯ ಶುಕ್ರವಾರ ಮಧ್ಯಾಹ್ನ ಗಂಡಸರು ಹೆಂಗಸರು ಮಕ್ಕಳು ಸೇರಿ ಹನ್ನೆರಡು ಹದಿನೈದು ಮಂದಿ ಬಾಗಿಲಲ್ಲಿ ನಿಂತಿದ್ದರು. ಪಾದ್ರಿ ಬೆರ್ನಾರ್ ಪೆತಿಜಾನ್ ಎಂಬವರು ಬಾಗಿಲು ತೆರೆದು ಒಳಗೆ ಹೋಗಿ ಮೊಣಕಾಲೂರಿ ಪ್ರಾರ್ಥಿಸುತ್ತಿರುವಾಗ, ಆ ಗುಂಪಿನ ಒಬ್ಬ ಹೆಂಗಸು ಹತ್ತಿರ ಬಂದು ಎದೆಯ ಮೇಲೆ ಕೈಯಿಟ್ಟು, ಇಲ್ಲಿರುವ ನಮ್ಮೆಲ್ಲರ ಹೃದಯವು ನಿಮ್ಮ ಹೃದಯದ ಹಾಗೆಯೇ ಇದೆ ಎಂಬ ಅರ್ಥದ ಮಾತನ್ನು ಪಿಸುಗುಟ್ಟಿದಳು. ಅವಳು ಉರಕಾಮಿಯ ಯುರಿ ಎಂಬವಳೆಂದು ಹೇಳುತ್ತಾರೆ. ಬಳಿಕ ಮರಿಯಳ ಪ್ರತಿಮೆ ಎಲ್ಲಿ ಎಂದು ಕೇಳಿದರು. ಅವಳ ಕೈಯಲ್ಲಿದ್ದ ಬಾಲ ಯೇಸುವನ್ನು ಕಂಡು, ಅವನ ಜನನದ ಹಬ್ಬವನ್ನು ಚಳಿಯ ತಿಂಗಳ 25ನೆಯ ದಿನದಲ್ಲಿ ಆಚರಿಸುತ್ತೇವೆಂದರು. ಈಗ ಶ್ರಮೆಯ ಕಾಲ, ಇಂದು ಅದರ 17ನೆಯ ದಿನ, ನೀವೂ ಇದನ್ನು ಆಚರಿಸುತ್ತೀರೋ ಎಂದು ಪಾದ್ರಿಯನ್ನೇ ಕೇಳಿದರು.

ಓದುಗರು ಈ ಲೆಕ್ಕವನ್ನು ತಾವೇ ನೋಡಬಹುದು. 1865ರಲ್ಲಿ ಪುನರುತ್ಥಾನದ ಹಬ್ಬವು ಏಪ್ರಿಲ್ 16ರಂದು ಬಿತ್ತು. ಅದರ ಮುಂಚಿನ ಉಪವಾಸಕಾಲವು ಆರಂಭವಾಗುವ ಬೂದಿ ಬುಧವಾರವು ಮಾರ್ಚ್ 1. ಹಾಗಾದರೆ ಮಾರ್ಚ್ 17 ಸರಿಯಾಗಿ ಹದಿನೇಳನೆಯ ದಿನ. ಇನ್ನೂರಕ್ಕೂ ಹೆಚ್ಚು ವರುಷ ರೋಮಿನಿಂದಾಗಲಿ ಗೋವೆಯಿಂದಾಗಲಿ ಒಂದು ಕಾಗದವೂ ಬಾರದೆ, ರೈತನೊಬ್ಬನ ಮನೆಯಲ್ಲಿ ತಂದೆಯಿಂದ ಮಗನಿಗೆ ಬಂದ ಲೆಕ್ಕವು ಒಂದು ದಿನವಾದರೂ ತಪ್ಪಿರಲಿಲ್ಲ. ಆ ಲೆಕ್ಕವನ್ನು ಕಾಪಾಡಿದ ಏಳನೆಯ ಚೋಕತನಾದ ಕಿಚಿಝೋ ಎಂಬವನು ಈ ದಿನವನ್ನು ಕಾಣಲಿಲ್ಲ. 1856ರಲ್ಲಿ ಹಿಡಿಯಲ್ಪಟ್ಟು ಸೆರೆಮನೆಯಲ್ಲಿ ಸತ್ತಿದ್ದನು. ಅವನು ಬೆಳೆದ ಫಲವನ್ನು ಅವನ ಊರವರು ಕೊಯ್ದರು.

6. ಅವರು ಪ್ರಯಾಣವೆಂದು ಕರೆದ ಸೆರೆವಾಸ

ಪಾದ್ರಿ ಸಿಕ್ಕಿದರು, ಇನ್ನು ಕಷ್ಟ ತೀರಿತು ಎಂದು ನೆನಸಬೇಡಿರಿ. ಉರಕಾಮಿಯವರು ಮನೆಗಳಲ್ಲಿ ನಾಲ್ಕು ಗುಪ್ತ ಪ್ರಾರ್ಥನಾಸ್ಥಳಗಳನ್ನು ಮಾಡಿದರು. ಪಾದ್ರಿಗಳು ರಾತ್ರಿ ಹೊತ್ತಿನಲ್ಲಿ ಅಲ್ಲಿಗೆ ಬರುತ್ತಿದ್ದರು. ಆದರೆ ಸತ್ತವರನ್ನು ಬೌದ್ಧ ಕರ್ಮವಿಲ್ಲದೆ ಹೂಣಿಡುತ್ತೇವೆಂದು ಅವರು ಬಹಿರಂಗವಾಗಿ ಹೇಳಿದಾಗ ಅಧಿಕಾರಿಗಳು ಎಚ್ಚತ್ತರು. 1867ರ ಜುಲೈ 15ರ ರಾತ್ರಿ 68 ಮಂದಿಯನ್ನು ಹಿಡಿದುಕೊಂಡು ಹೋದರು. ಚಿತ್ರಹಿಂಸೆಯನ್ನು ತಾಳಲಾರದೆ ಒಬ್ಬರ ಹಿಂದೆ ಒಬ್ಬರು ಮತ ಬಿಡುತ್ತೇವೆಂದು ಒಪ್ಪಿದರು. ಒಪ್ಪದೆ ನಿಂತವನು ತಕಾಗಿ ಸೆನೆಮೋನ್ ಎಂಬವನೊಬ್ಬನೇ. ಬಿಡುಗಡೆಯಾದವರು ತಲೆ ತಗ್ಗಿಸಿಕೊಂಡು ಮನೆಗೆ ಬಂದರು. ಆದರೆ ಅವರ ಮನಸ್ಸು ಸುಮ್ಮನಿರಲಿಲ್ಲ. ಅವರಲ್ಲಿ ಹಲವರು ಮುಖ್ಯಸ್ಥನ ಬಳಿಗೆ ಹೋಗಿ, ನಾವು ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ, ನಾವು ಕ್ರೈಸ್ತರೇ ಎಂದು ಹೇಳಿದರು. ಬಿದ್ದವರು ಏಳುವ ಅಭ್ಯಾಸವು ಆ ಊರಲ್ಲಿ ಹಳೆಯದಾಗಿತ್ತಲ್ಲವೇ?

1868ರಲ್ಲಿ ಹೊಸ ಚಕ್ರವರ್ತಿಯ ಸರಕಾರ ಬಂದರೂ ನಿಷೇಧವು ಹಾಗೆಯೇ ಉಳಿಯಿತು. ಆ ವರುಷ 114 ಮಂದಿ ಮುಖಂಡರನ್ನೂ, 1870ರಲ್ಲಿ ಉಳಿದವರನ್ನೂ ಊರಿನಿಂದ ಕಿತ್ತು, ದೂರದೂರದ ಸೀಮೆಗಳಿಗೆ ಗಡೀಪಾರು ಮಾಡಿದರು. ಒಟ್ಟು 3,394 ಮಂದಿ. ತ್ಸುವಾನೋ ಎಂಬ ಸ್ಥಳದಲ್ಲಿ ಹಿಮ ಬೀಳುವ ಕಾಲದಲ್ಲಿ ಅವರನ್ನು ಕೊಳದ ನೀರಿನಲ್ಲಿ ಮುಳುಗಿಸಿದರು, ನಿಂತುಕೊಳ್ಳಲೂ ಆಗದ ಚಿಕ್ಕ ಪಂಜರದೊಳಗೆ ಹಾಕಿದರು. ಗಡೀಪಾರಾದವರಲ್ಲಿ 600ಕ್ಕೂ ಹೆಚ್ಚು ಮಂದಿ ಸತ್ತರು. ಉರಕಾಮಿಯವರು ಈ ವರುಷಗಳನ್ನು ಸೆರೆಯೆಂದು ಹೇಳದೆ, ತಬಿ, ಅಂದರೆ ಪ್ರಯಾಣ ಎಂದು ಕರೆದರು. ಯೂರೋಪ್ ಮತ್ತು ಅಮೇರಿಕ ಖಂಡಗಳಿಗೆ ಹೋದ ಜಪಾನಿನ ರಾಯಭಾರಿಗಳಿಗೆ ಎಲ್ಲೆಲ್ಲಿಯೂ ಈ ವಿಷಯದಲ್ಲಿ ಆಕ್ಷೇಪಣೆಗಳು ಎದುರಾದವು. ಕಡೆಗೆ 1873ರ ಫೆಬ್ರವರಿ 24ರಂದು ನಿಷೇಧದ ಹಲಗೆಗಳನ್ನು ಕಿತ್ತುಹಾಕಿದರು. ಪ್ರಯಾಣದವರು ಮನೆಗೆ ಬಂದರು.

7. ಬಂದವರು ಮೊದಲು ಮಾಡಿದ್ದೇನು?

ಮನೆಗಳು ಹಾಳಾಗಿದ್ದವು, ಹೊಲಗಳಲ್ಲಿ ಕಳೆ ಬೆಳೆದಿತ್ತು. ಮರುವರುಷ 1874ರಲ್ಲಿ ರಕ್ತಭೇದಿಯೂ ಸಿಡುಬೂ ಬಂದವು. ಆಗ ಇವಾನಾಗ ಮಾಕಿ ಎಂಬ ಕನ್ಯೆಯು, ತಾನೂ ಗಡೀಪಾರಿನಿಂದ ತಿರಿಗಿ ಬಂದವಳು, ಇನ್ನು ಕೆಲವು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು, ದೆ ರೋತ್ಸ್ ಎಂಬ ಪಾದ್ರಿಯ ಸಂಗಡ ಮನೆ ಮನೆಗೆ ಹೋಗಿ ರೋಗಿಗಳ ಆರೈಕೆ ಮಾಡಿದಳು. ದಿಕ್ಕಿಲ್ಲದ ಮಕ್ಕಳನ್ನು ಸಾಕುವ ಮನೆಯೂ, ಬಳಿಕ ಒಂದು ಸೇವಕಿಯರ ಸಂಘವೂ ಅದರಿಂದ ಹುಟ್ಟಿದವು. ದೇವಾಲಯ ಕಟ್ಟುವ ಮೊದಲೇ ಅನಾಥಶಾಲೆ ಇತ್ತು ಎಂಬದನ್ನು ನೆನಪಿಡಿರಿ.

1880ರಲ್ಲಿ ಸಭಿಕರು ಊರ ಮುಖ್ಯಸ್ಥನ ಹಳೇ ಮನೆಯನ್ನು ಕೊಂಡುಕೊಂಡರು. ಅವರ ಹಿರಿಯರು ವರುಷ ವರುಷ ಹಲಗೆ ತುಳಿದ ಮನೆ ಅದು. ಅಲ್ಲಿಯೇ ಆರಾಧನೆ ನಡಿಸಿದರು. 1895ರಲ್ಲಿ ಅದೇ ಸ್ಥಳದಲ್ಲಿ ಇಟ್ಟಿಗೆಯ ದೊಡ್ಡ ದೇವಾಲಯವನ್ನು ಆರಂಭಿಸಿದರು. ಬಡವರಾದದರಿಂದ ಅದು ಪ್ರತಿಷ್ಠೆಯಾಗುವಾಗ 1914 ಆಯಿತು. ಎರಡು ಗೋಪುರಗಳು ಏರಿದ್ದು 1925ರಲ್ಲಿ.

ಇಪ್ಪತ್ತು ವರುಷಗಳ ಮೇಲೆ, 1945ರ ಆಗಸ್ಟ್ 9ರಂದು ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ, ಆ ದೇವಾಲಯದಿಂದ ಸುಮಾರು 500 ಮೀಟರು ದೂರದಲ್ಲಿ ಅಣುಬಾಂಬು ಸಿಡಿಯಿತು. ಆಗಸ್ಟ್ 15ರ ಹಬ್ಬಕ್ಕಾಗಿ ಪಾಪನಿವೇದನೆ ಮಾಡಲು ಬಂದವರೂ, ಅದನ್ನು ಕೇಳುತ್ತಿದ್ದ ಇಬ್ಬರು ಪಾದ್ರಿಗಳೂ ಅಲ್ಲಿಯೇ ಸತ್ತರು. ಸುಮಾರು 12,000 ಸಭಿಕರಲ್ಲಿ ಸುಮಾರು 8,500 ಮಂದಿ ಇಲ್ಲವಾದರು. ಸತ್ತವರಲ್ಲಿ ಚೋಕತನಾದ ಕಿಚಿಝೋನ ವಂಶದ ಮಿದೋರಿ ಎಂಬವಳೂ ಇದ್ದಳು. ಅವಳ ಗಂಡ ನಾಗಾಯಿ ತಕಾಶಿ ಎಂಬ ವೈದ್ಯನು ಸುಟ್ಟ ಮನೆಯಲ್ಲಿ ಅವಳ ಎಲುಬುಗಳ ಬಳಿ ಜಪಮಾಲೆಯನ್ನು ಕಂಡನು. ಅವನು 1951ರಲ್ಲಿ ಸಾಯುವ ವರೆಗೂ ಒಂದು ಚಿಕ್ಕ ಗುಡಿಸಲಲ್ಲಿ ಮಲಗಿಕೊಂಡೇ ಪುಸ್ತಕಗಳನ್ನು ಬರೆದನು. ನೆರೆಯವನನ್ನು ತನ್ನಂತೆ ಪ್ರೀತಿಸಬೇಕೆಂಬ ಆಜ್ಞೆಯನ್ನು ನೆನಸಿ ಆ ಗುಡಿಸಲಿಗೆ "ತನ್ನಂತೆ" ಎಂಬರ್ಥದ ಹೆಸರಿಟ್ಟನು.

ಉಳಿದವರು ಅವಶೇಷದೊಳಗಿಂದ ಒಂದು ಗಂಟೆಯನ್ನು ಅಗೆದು ತೆಗೆದು, ಆ ವರುಷದ ಕ್ರಿಸ್ತಜಯಂತಿಯ ಹಿಂದಿನ ರಾತ್ರಿ ಬಾರಿಸಿದರು. 1959ರಲ್ಲಿ ದೇವಾಲಯವು ತಿರಿಗಿ ಎದ್ದಿತು. ಒಡೆದುಹೋದ ಎರಡನೆಯ ಗಂಟೆಗೆ ಬದಲಾಗಿ ಅಮೇರಿಕದ ಕಥೋಲಿಕರು ಹೊಸ ಗಂಟೆಯನ್ನು ಮಾಡಿಸಿ ಕೊಟ್ಟರು. 2025ರ ಆಗಸ್ಟ್ 9ರಂದು, ಎಂಭತ್ತು ವರುಷಗಳ ಮೇಲೆ, ಎರಡು ಗಂಟೆಗಳೂ ಕೂಡಿ ಬಾರಿಸಿದವು. ಬಾಂಬು ಹಾಕಿದ ದೇಶದವರು ಕೊಟ್ಟ ಗಂಟೆಯನ್ನು ಆ ಸಭೆಯು ಸಂತೋಷದಿಂದ ತೆಗೆದುಕೊಂಡಿತು.

8. ಒಂದು ಎಚ್ಚರಿಕೆ

ಈ ಚರಿತ್ರೆಯಲ್ಲಿ ಒಂದು ಕೊರತೆಯೂ ಉಂಟು. ಆ ಜನರ ಕೈಯಲ್ಲಿ ಸತ್ಯವೇದವು ಇರಲಿಲ್ಲ. ಬಾಯಿಂದ ಬಾಯಿಗೆ ಹೋದ ಕಥೆಗಳು ಕಾಲಕ್ರಮದಲ್ಲಿ ರೂಪ ಬದಲಾಯಿಸಿದವು. ಗುಪ್ತ ಕ್ರೈಸ್ತರು ಬರೆದಿಟ್ಟ "ಭೂಮ್ಯಾಕಾಶಗಳ ಆರಂಭ" ಎಂಬರ್ಥದ ಒಂದು ಹಳೇ ಗ್ರಂಥವಿದೆ. ಅದರಲ್ಲಿ ಪೊಂತ್ಯ ಪಿಲಾತನೆಂಬ ಒಬ್ಬ ಅಧಿಪತಿಯು ಪೊನ್ಶ ಒಬ್ಬನು, ಪಿರೋತೊ ಒಬ್ಬನು ಎಂದು ಇಬ್ಬರಾಗಿದ್ದಾನೆ! ನಗುವದಕ್ಕೆ ಮೊದಲು, ಪುಸ್ತಕವಿಲ್ಲದೆ ನಾವೇ ಆಗಿದ್ದರೆ ಎಷ್ಟು ಉಳಿಸುತ್ತಿದ್ದೆವು ಎಂದು ಕೇಳಿಕೊಳ್ಳೋಣ. ಇದಲ್ಲದೆ, 1873ರ ಮೇಲೆ ಎಲ್ಲರೂ ಸಭೆಗೆ ಸೇರಲಿಲ್ಲ. ಇಕಿತ್ಸುಕಿ ಮೊದಲಾದ ದ್ವೀಪಗಳಲ್ಲಿ ಹಲವರು ಪಾದ್ರಿಗಳ ಬಳಿಗೆ ಬಾರದೆ, ಹಿರಿಯರು ಬಚ್ಚಿಟ್ಟು ನಡಿಸಿದ ಪದ್ಧತಿಯನ್ನೇ ಹಿಡಿದು ಉಳಿದರು. ಅವರಿಗೆ ಪದ್ಧತಿಯೇ ಹಿರಿಯರಾಗಿತ್ತು. ಕಾವಲಿಗಾಗಿ ಕಟ್ಟಿದ ಬೇಲಿಯೇ ಕಡೆಗೆ ಬೆಳೆಯೆಂದು ತೋರುವದುಂಟು.

9. ಇದರಿಂದ ನಾವು ಕಲಿಯತಕ್ಕದ್ದು

ಉರಕಾಮಿಯಲ್ಲಿ ಸಭೆಯನ್ನು ಹೊತ್ತದ್ದು ಮನೆಗಳೂ, ಹೆಸರು ಹಿಡಿದು ಒಪ್ಪಿಸಿದ ಚಿಕ್ಕ ಕೆಲಸಗಳೂ. ದಿನವನ್ನು ನೆನಪಿಡುವವನೊಬ್ಬನು, ಕೂಸನ್ನು ಸಭೆಗೆ ಸೇರಿಸುವವನೊಬ್ಬನು, ಮನೆ ಮನೆಗೆ ಸುದ್ದಿ ಮುಟ್ಟಿಸುವವನೊಬ್ಬನು, ಪ್ರಾರ್ಥನೆ ಕಲಿಸುವ ತಾಯಿ: ಇಷ್ಟೇ. ಯೆರೂಸಲೇಮಿನಿಂದ ಚದರಿಸಲ್ಪಟ್ಟವರ ವಿಷಯವಾಗಿಯೂ, ಅಕ್ವಿಲ ಪ್ರಿಸ್ಕರ ಮನೆಯಲ್ಲಿ ಕೂಡುತ್ತಿದ್ದ ಸಭೆಯ ವಿಷಯವಾಗಿಯೂ, ಲೋವಿ ಯೂನೀಕೆಯರ ವಿಷಯವಾಗಿಯೂ ನಾವು ಓದಿದ ವೇದಭಾಗಗಳು ಇದನ್ನೇ ತೋರಿಸುತ್ತವೆ.

ನಮ್ಮ ಮೇಲೆ ಅಂಥ ಹಿಂಸೆ ಇಲ್ಲ. ಸತ್ಯವೇದವು ನಮ್ಮ ಮಾತಿನಲ್ಲಿಯೇ ಮನೆಯ ಮಾಡದಲ್ಲಿದೆ. ಪಾಲಕರು ತಿಂಗಳಿಗೊಮ್ಮೆಯಾದರೂ ಬರುತ್ತಾರೆ. ಆದರೂ ಅವರು ಬಾರದ ಆದಿತ್ಯವಾರ ನಮ್ಮಲ್ಲಿ ಎಷ್ಟೋ ಮಂದಿ ಸಂತೆಗೆ ಹೋಗುತ್ತೇವೆ. ಹಾಸಿಗೆ ಹಿಡಿದ ವಿಧವೆಯನ್ನು ಯಾರು ನೋಡಬೇಕೆಂಬದು ಯಾರಿಗೂ ಒಪ್ಪಿಸಲ್ಪಡದೆ ಇರುವದರಿಂದ ಯಾರೂ ನೋಡುವದಿಲ್ಲ. ತಪ್ಪಿ ಬಿದ್ದ ತಮ್ಮನು ಮೂರು ತಿಂಗಳು ಕಾಣದಿದ್ದರೆ, ಅವನು ಹಾಗೆಯೇ ಎಂದು ಹೇಳಿ ಸುಮ್ಮನಾಗುತ್ತೇವೆ. ಆ ರೈತರ ಮುಂದೆ ನಾವು ಏನು ಹೇಳೋಣ?

ಆದಕಾರಣ ಪ್ರಿಯರೇ, ಮುಂದಿನ ಸಭಾಕೂಟದಲ್ಲಿ ದೊಡ್ಡ ನಿರ್ಣಯಗಳನ್ನು ಮಾಡುವದಕ್ಕಿಂತ, ನಾಲ್ಕು ಚಿಕ್ಕ ಕೆಲಸಗಳಿಗೆ ನಾಲ್ಕು ಹೆಸರುಗಳನ್ನು ಬರೆಯಿರಿ. ಪ್ರತಿಯೊಬ್ಬನೂ ತನ್ನ ಸ್ಥಾನಕ್ಕೆ ಬರತಕ್ಕ ಒಬ್ಬ ಎಳೆಯನನ್ನು ಈಗಲೇ ಜೊತೆಯಲ್ಲಿ ಕರಕೊಳ್ಳಲಿ. ಫಲವನ್ನು ಕಾಣುವದು ನಿಮಗೆ ದೊರೆಯದಿರಬಹುದು, ಕಿಚಿಝೋವಿಗೂ ದೊರೆಯಲಿಲ್ಲ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಚೋಕತ, ಮಿಝುಕತ, ಕಿಕಿಯಾಕು ಎಂಬವರ ಕೆಲಸಗಳು ಯಾವವು? ನಮ್ಮ ಸಭೆಯಲ್ಲಿ ಅವುಗಳಿಗೆ ಸರಿಯಾದ ಕೆಲಸಗಳನ್ನು ಈಗ ಯಾರು ಮಾಡುತ್ತಾರೆ?
2. ಪಾಲಕರು ಆರು ತಿಂಗಳು ಬಾರದೆ ಹೋದರೆ ನಮ್ಮ ಸಭೆಯಲ್ಲಿ ಯಾವದು ನಿಲ್ಲುವದು, ಯಾವದು ನಡೆಯುವದು?
3. ಬಿದ್ದವನು ತಿರಿಗಿ ಬರುವದಕ್ಕೆ ನಮ್ಮ ಸಭೆಯಲ್ಲಿ ದಾರಿ ತೆರೆದಿದೆಯೋ? ಅವನ ಮನೆಗೆ ಈ ವಾರ ಯಾರು ಹೋಗುವರು?
4. ನಮ್ಮ ಪದ್ಧತಿಗಳಲ್ಲಿ ಬೇಲಿ ಯಾವದು, ಬೆಳೆ ಯಾವದು? ಇದನ್ನು ಸತ್ಯವೇದದ ಮುಂದೆ ಹೇಗೆ ಪರೀಕ್ಷಿಸೋಣ?